ಅಪ್ಪನ ನೆನಪಿಗೂ ಜೀರೋ ಎರರ್ ನೋಡ್ಬೇಕು

ಕಳೆದ ತಿಂಗಳು ಅಪ್ಪನಿಗೊಂದು ನೆನಪಿನ ಪರೀಕ್ಷೆ ಮಾಡಿದೆ. ಹತ್ತು ಪದ ಓದಿ ಹೇಳೋದು, ಐದು ನಿಮಿಷ ಬಿಟ್ಟು ಕೇಳೋದು. ನನ್ನ ಲಿಸ್ಟಿನಲ್ಲಿ ಪಿಯಾನೋ, ಇಗ್ಲೂ, ಪೆಂಗ್ವಿನ್ ಎಲ್ಲ ಇತ್ತು. ಇಂಗ್ಲಿಷ್ ಮೀಡಿಯಂ ತಲೆ, ಏನ್ ಮಾಡೋದು! ಅಪ್ಪ ನಾಲ್ಕು ಹೇಳಿ ಸುಮ್ಮನಾದರು. ಮಾರನೇ ದಿನ ಬೋಲ್ಟು, ಟಿಫನ್ ಕ್ಯಾರಿಯರ್, ಹಲಸಿನಹಣ್ಣು ಅಂತ ಬೇರೆ ಹತ್ತು ಕೊಟ್ಟೆ. ಎಂಟು ಬಂತು. ಒಂದೇ ರಾತ್ರಿಗೆ ಅಪ್ಪನ ನೆನಪು ಡಬಲ್ ಆಗಿಲ್ಲ ತಾನೇ? (ಎರಡನೇ ಸಲ ಅಭ್ಯಾಸ ಆಗಿತ್ತು ಅಂತೀರಾ, ಅದೂ ಇರಬಹುದು.)

ಅಪ್ಪ ಪೀಣ್ಯದಲ್ಲಿ ಲೇತ್ ಆಪರೇಟರ್, ವಯಸ್ಸು 51. ವಾರ ವಾರ ಶಿಫ್ಟ್ ಬದಲಾಗುತ್ತೆ. ಬಿಪಿ ಕಥೆಯೂ ಇದೇ. ನೈಟ್ ಶಿಫ್ಟ್ ಮುಗಿಸಿ ಬಂದಾಗ 150 ದಾಟಿರುತ್ತೆ, ನಿದ್ದೆ ಮಾಡಿ ಎದ್ದರೆ 130ರ ಹತ್ತಿರ. ಯಾವುದನ್ನ ಬರ್ಕೊಳ್ಳೋದು?

ಬಿಪಿಗೂ ನೆನಪಿಗೂ ಏನು ಸಂಬಂಧ ಅನ್ನಬೇಡಿ. ಮೆದುಳಿನ ತೂಕ ದೇಹದ ಶೇ. 2ರಷ್ಟು, ಆದರೆ ಆಕ್ಸಿಜನ್‌ನಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಅದನ್ನು ತಲುಪಿಸೋದು ಹೃದಯ ಮತ್ತು ರಕ್ತನಾಳಗಳು. ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ ಬಗ್ಗೆ 2024ರ ಲ್ಯಾನ್ಸೆಟ್ ಆಯೋಗ, ನಾವು ತಡೆಯಬಹುದಾದ 14 ಅಪಾಯಗಳನ್ನು ಹೇಳಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಜೊತೆಗೆ ಕಿವಿ ಮಂದವಾಗೋದು, ವಾಯುಮಾಲಿನ್ಯ ಕೂಡ ಆ ಪಟ್ಟಿಯಲ್ಲಿವೆ. ಓದುವಾಗ ನನಗೆ ಪೀಣ್ಯದ ಶೆಡ್‌ಗಳೇ ಕಣ್ಮುಂದೆ ಬಂದವು.

ನಮ್ಮಲ್ಲಿ ಈ ಕೆಲಸ ನಡೀತಿದೆ. ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಹೃದಯದ ತಪಾಸಣೆ, ಎಂಆರ್‌ಐ ಎಲ್ಲ ಇದೆ. ಬೆಂಗಳೂರಿಗೆ 1,000 ಜನರ ಬೇರೆ ಅಧ್ಯಯನ ಇದೆ.

ತುಂಬಾ ಒಳ್ಳೇದು. ಆದರೆ ಒಂದು ದಿನ ರಜೆ ಹಾಕಿದರೆ ಸಂಬಳ ಕಟ್ ಆಗೋರು ಪರೀಕ್ಷೆಗೆ ಅಂತ ಬಿಡುವು ಮಾಡ್ಕೊಂಡು ಹೋಗ್ತಾರಾ? ಹಳ್ಳಿಗೂ ಸೇರದ, ಆರಾಮಾಗಿ ಓಡಾಡೋ ಸಿಟಿ ಜನಕ್ಕೂ ಸೇರದ ಪೀಣ್ಯ, ಬೊಮ್ಮಸಂದ್ರದ ಕೆಲಸಗಾರರಿಗೆ ಪ್ರತ್ಯೇಕ ಅಧ್ಯಯನವೇ ಬೇಕು ಅನ್ನೋದು ನನ್ನ ವಾದ. ಫ್ಯಾಕ್ಟರಿ ಹತ್ತಿರವೇ ಹೋಗಬೇಕು. ಯಾವ ಶಿಫ್ಟ್ ಮುಗಿಸಿ ಎಷ್ಟು ಹೊತ್ತಾಯ್ತು ಅಂತ ಬರ್ಕೋಬೇಕು. ಕಿವಿ ಮೊದಲು ಪರೀಕ್ಷಿಸಬೇಕು. ಕೇಳಿಸದ ಪದ ನೆನಪಿಲ್ಲದ ಪದ ಅಂತ ಲೆಕ್ಕಕ್ಕೆ ಹೋಗಬಾರದಲ್ಲ. ಪದಗಳು ಕೂಡ ಅವರ ದಿನನಿತ್ಯದ್ದೇ ಆಗಿರಬೇಕು. ವರ್ನಿಯರ್ ಹಿಡಿದರೆ ನಾವು ಮೊದಲು ಜೀರೋ ಎರರ್ ನೋಡ್ತೀವಿ. ಮನುಷ್ಯರಿಗೂ ಅಷ್ಟು ಮಾಡೋಕೆ ಏನು ಕಷ್ಟ?

ಅಪ್ಪನಿಗೆ ಮುಂದಿನ ವಾರ ಸೆಕೆಂಡ್ ಶಿಫ್ಟ್. ಬೆಳಗ್ಗೆ ಮನೇಲೇ ಇರ್ತಾರೆ, ಯಾರಾದ್ರೂ ಬರೋದಾದ್ರೆ.