ಮಾಚಾ ಬಟ್ಟಲಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ 2.82

ಸಾಮಾನ್ಯ ಹಸಿರು ಚಹಾವಾದ ಸೆಂಚಾ ಬೆಳೆಯುವ ರೈತರನ್ನು, ಪುಡಿ ಮಾಡಿದರೆ ಮಾಚಾ ಆಗುವ ಎಲೆಯಾದ ತೆಂಚಾದತ್ತ ತಿರುಗಿಸಲು ಜಪಾನಿನ ಕೃಷಿ ಸಚಿವಾಲಯ 2025ರಲ್ಲಿ ತನ್ನ ನೆರವಿನ ನೀತಿಯನ್ನೇ ಬದಲಿಸಲು ಹೊರಟಿತು. ಕಾರಣ ಎಲ್ಲರಿಗೂ ಗೊತ್ತು. ಆ ವರ್ಷದ ಮೇ ತಿಂಗಳಲ್ಲಿ ಕ್ಯೋಟೋ ಹರಾಜಿನಲ್ಲಿ ತೆಂಚಾ ಕಿಲೋಗೆ 8,235 ಯೆನ್ ಮುಟ್ಟಿತು. ಹಿಂದಿನ ವರ್ಷಕ್ಕಿಂತ ಶೇ 170ರಷ್ಟು ಹೆಚ್ಚು. ಇತ್ತ ಆರೋಗ್ಯ ಅಂಕಣಗಳಲ್ಲಿ ಹೊಸ ರಾಗವೊಂದು ಶುರುವಾಗಿದೆ: ಇಡೀ ಎಲೆಯನ್ನೇ ಪುಡಿ ಮಾಡಿ ಕುಡಿಯುವುದರಿಂದ ಜೀವಂತ ಮಣ್ಣಿನ ಸತ್ವ ನೇರವಾಗಿ ನಮ್ಮ ಕರುಳಿಗೆ ಇಳಿಯುತ್ತದಂತೆ.

ಎರಡೂ ತಪ್ಪು ದಾರಿ. ಸಾರಜನಕಕ್ಕೆ ಮಿತಿ ಹಾಕದೆ ತೆಂಚಾಗೆ ಕೊಡುವ ನೆರವು ಮಣ್ಣಿನ ಜೀವಾಣುಗಳ ಹೊಟ್ಟೆಯ ಮೇಲೆ ಹೊಡೆದು ನಮ್ಮ ಕರುಳಿಗೆ ಕಾಣಿಕೆ ಕೊಟ್ಟಂತೆ. ಆ ಕಾಣಿಕೆಯೂ ಖಾತ್ರಿಯಿಲ್ಲ.

ಕರುಳಿನ ಮಾತನ್ನು ಬೇಗ ಮುಗಿಸಿಬಿಡೋಣ. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಕುಲುಮೆಯಲ್ಲಿ ಒಣಗಿಸಿದ ಮೇಲೆ ಮಣ್ಣಿನ ಯಾವ ಜೀವಾಣು ಬದುಕಿ ಬಟ್ಟಲಿಗೆ ಬರಬೇಕು? ಬರುವುದು ಚಹಾದ ಸಸ್ಯ ಸಂಯುಕ್ತಗಳಾದ ಕ್ಯಾಟೆಚಿನ್‌ಗಳು. ಅವುಗಳಲ್ಲಿ ಬಹುಪಾಲು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳು ತಲುಪುತ್ತವೆ. ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಒಡೆದು ಬಳಸುತ್ತವೆ. ಇಷ್ಟು ನಿಜ. ಆದರೆ ಮಾಚಾ ಕುಡಿದರೆ ಕರುಳಿನ ಜೀವಾಣುಗಳು ಹೇಗೆ ಬದಲಾಗುತ್ತವೆ ಎಂದು ಜಪಾನಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದ್ದವರು ಮೂವತ್ತು ಚಿಲ್ಲರೆ ಮಂದಿ. ಅವರು ಕುಡಿದದ್ದು ಎರಡು ವಾರ. ಕೆಲವು ಜೀವಾಣುಗಳ ಪ್ರಮಾಣದಲ್ಲಿ ಏರಿಳಿತ ಕಂಡಿತು. ಇದರ ಮೇಲೆ ಕೋಟೆ ಕಟ್ಟುವವರು ಕಟ್ಟಲಿ.

ವಿಚಿತ್ರ ಇನ್ನೊಂದಿದೆ. ಕೊಯ್ಲಿಗೆ ಮೊದಲು ಮೂರು–ನಾಲ್ಕು ವಾರ ತೋಟಕ್ಕೆ ನೆರಳು ಹೊದಿಸುವುದೇ ಕ್ಯಾಟೆಚಿನ್ ಕಡಿಮೆಯಾಗಿ, ಉಮಾಮಿ ಎಂಬ ರುಚಿ ಕೊಡುವ ಥಿಯಾನಿನ್ ಎಂಬ ಅಮೈನೋ ಆಮ್ಲ ಉಳಿಯಲಿ ಎಂದು. ಅಂದರೆ ಯಾವ ಮಾಚಾ ಹೆಚ್ಚು ದುಬಾರಿಯೋ, ಹೆಚ್ಚು ಹಸಿರೋ, ಅದರಲ್ಲಿ ಕರುಳಿಗೆ ಒಳ್ಳೆಯದೆಂದು ಹಾಡಿ ಹೊಗಳುವ ಅಂಶವೇ ಕಡಿಮೆ.

ಆ ಥಿಯಾನಿನ್ ಎಲ್ಲಿಂದ ಬರುತ್ತದೆ? ಗಿಡದ ಬೇರಿನಿಂದ, ಬೇರಿಗೆ ಸಿಗುವ ಸಾರಜನಕದಿಂದ. ಮಾರುಕಟ್ಟೆ ಬೆಲೆ ಕಟ್ಟುವುದು ಬಣ್ಣಕ್ಕೆ ಮತ್ತು ಉಮಾಮಿ ರುಚಿಗೆ. ಹಾಗಾಗಿ ರೈತ ಗೊಬ್ಬರ ಸುರಿಯುತ್ತಾನೆ. ಅವನದ್ದು ತಪ್ಪಲ್ಲ, ಹರಾಜಿನಲ್ಲಿ ಸಿಗುವ ಬಹುಮಾನವೇ ಹಾಗಿದೆ. ಜಪಾನಿನ ಚಹಾ ತೋಟಗಳಲ್ಲಿ ಹಿಂದೆ ವರ್ಷಕ್ಕೆ ಹೆಕ್ಟೇರಿಗೆ 1,000 ಕೆ.ಜಿ. ಸಾರಜನಕ ದಾಟಿದ್ದುಂಟು. ಶಿಜುವೊಕಾ ಪ್ರಾಂತ್ಯ ಅದನ್ನು 540 ಕೆ.ಜಿ.ಗೆ ಇಳಿಸಲು ಸೂಚಿಸಿತು. ನಮ್ಮ ಮಂಡ್ಯದ ಕಬ್ಬು ಗೊಬ್ಬರದ ಹಸಿವಿಗೆ ಹೆಸರಾದ ಬೆಳೆ. ಅದಕ್ಕೇ ಶಿಫಾರಸು ಇರುವುದು ಸುಮಾರು 250 ಕೆ.ಜಿ. ಇಳಿಸಿದ ಮೇಲೂ ಚಹಾ ಅದರ ಎರಡು ಪಟ್ಟು!

ಈಗ ಯಾರೂ ನೋಡದ ಆ ಅಂಕಿಗೆ ಬರೋಣ. 2006ರಲ್ಲಿ ಜಪಾನಿನ ವಿಜ್ಞಾನಿಗಳೇ ತಮ್ಮ ದೇಶದ ಹೊಲಗಳ ಅಳತೆಗಳನ್ನೆಲ್ಲ ಒಟ್ಟು ಹಾಕಿ, ಹಾಕಿದ ಸಾರಜನಕದಲ್ಲಿ ಎಷ್ಟು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಭತ್ತದ ಗದ್ದೆಯಲ್ಲಿ ಶೇ 0.31. ಉಳಿದ ಒಣ ಬೇಸಾಯದ ಹೊಲಗಳಲ್ಲಿ ಶೇ 0.62. ಚಹಾ ತೋಟದಲ್ಲಿ ಶೇ 2.82. ಭತ್ತದ ಒಂಬತ್ತು ಪಟ್ಟು. ಇದನ್ನು 540 ಕೆ.ಜಿ.ಗೆ ಹಾಕಿ ನೋಡಿ: ಒಂದು ಹೆಕ್ಟೇರಿನಿಂದ ವರ್ಷಕ್ಕೆ ಸುಮಾರು 24 ಕೆ.ಜಿ. ನೈಟ್ರಸ್ ಆಕ್ಸೈಡ್. ಅದರ ಭೂಮಿ ಬಿಸಿಯೇರಿಸುವ ಶಕ್ತಿ ಕಾರ್ಬನ್ ಡೈಆಕ್ಸೈಡಿನ 273 ಪಟ್ಟು. ಒಟ್ಟು ಆರೂವರೆ ಟನ್‌ಗೆ ಸಮ. ಅದೂ ಟ್ರ್ಯಾಕ್ಟರಿನ ಡೀಸೆಲ್, ವಿಮಾನದ ಸಾಗಣೆ ಯಾವುದನ್ನೂ ಸೇರಿಸದೆ.

ಇಷ್ಟು ಸೋರಿಕೆ ಏಕೆ? ಗೊಬ್ಬರ ಬೀಳುವುದು ಗಿಡದ ಸಾಲುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ. ಅಲ್ಲಿನ ಮಣ್ಣು ಹುಳಿಯೇರಿ ಪಿಎಚ್ 4ಕ್ಕಿಂತ ಕೆಳಗೂ ಹೋಗುತ್ತದೆ. ಅಂಥ ಹುಳಿಯಲ್ಲಿ ಸಾಮಾನ್ಯ ಜೀವಾಣುಗಳು ಸೋಲುತ್ತವೆ, ಹುಳಿ ತಡೆಯಬಲ್ಲವು ಮಾತ್ರ ಗೆಲ್ಲುತ್ತವೆ; ಅವು ಗೊಬ್ಬರದ ಸಾರಜನಕವನ್ನು ಅರಗಿಸುವಾಗ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ಆಮ್ಲದಲ್ಲೂ ಅಮೋನಿಯವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾವೊಂದನ್ನು ಜಪಾನಿನ ಸಂಶೋಧಕರು 2017ರಲ್ಲಿ ವರದಿ ಮಾಡಿದ್ದು ಚಹಾ ತೋಟದ ಮಣ್ಣಿನಿಂದಲೇ. ಮಾಚಾ ಮಾರುವವರು ಹೇಳುವ ‘ಜೀವಂತ ಮಣ್ಣು’ ಇದೇ ಇರಬೇಕು.

ಗೊಬ್ಬರ ಸುರಿಯುವ ಈ ದಾರಿಯನ್ನು ಜಪಾನ್ ಒಮ್ಮೆ ನಡೆದು ನೋಡಿದೆ. ಶಿಜುವೊಕಾದ ಮಕಿನೊಹಾರಾ ಸುತ್ತಿನ ತೋಟಗಳಿಂದ ಇಳಿದ ನೀರು ಕೆರೆಗಳನ್ನು ಹುಳಿ ಮಾಡಿತು, ಅಂತರ್ಜಲದಲ್ಲಿ ನೈಟ್ರೇಟ್ ಏರಿತು. ನೈಟ್ರೇಟ್ ರೂಪದ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬ ಪರಿಸರ ಮಾನದಂಡವನ್ನು 1999ರಲ್ಲಿ ತಂದ ಸರ್ಕಾರವೇ, 2050ರೊಳಗೆ ರಾಸಾಯನಿಕ ಗೊಬ್ಬರವನ್ನು ಶೇ 30ರಷ್ಟು ಇಳಿಸುತ್ತೇನೆಂದು 2021ರಲ್ಲಿ ಘೋಷಿಸಿದ ಸರ್ಕಾರವೇ ಈಗ ತೆಂಚಾ ಬೆಳೆಸಿ ಎನ್ನುತ್ತಿದೆ. ಒಂದೇ ಸರ್ಕಾರದ ಕಡತಗಳು ಒಂದನ್ನೊಂದು ಓದಿಲ್ಲ.

ಸಾವಯವ ಮಾಡಿದರಾಯಿತು ಎನ್ನುವವರಿಗೆ: ರೇಪ್ ಹಿಂಡಿ, ಮೀನಿನ ಪುಡಿ ಹಾಕಿದರೂ ಅದು ಸಾರಜನಕವೇ. ರೈತನಿಗೆ ವಯಸ್ಸಾಗಿದೆ, ಸೆಂಚಾ ಬೆಲೆ ಬಹುಕಾಲ ಕುಸಿದಿತ್ತು ಎಂಬ ವಾದಕ್ಕೆ ಮಾತ್ರ ತೂಕವಿದೆ. ಅವನಿಗೆ ಹಣ ಬೇಕು, ಕೊಡಬೇಕು. ಆದರೆ ಯಾವುದಕ್ಕೆ? ಅದೇ ಶಿಜುವೊಕಾದಲ್ಲಿ ಚಾಗುಸಾಬಾ ಪದ್ಧತಿಯಿದೆ. ಹುಲ್ಲುಗಾವಲಿನ ಹುಲ್ಲು ಕೊಯ್ದು ಚಹಾ ಸಾಲುಗಳ ನಡುವೆ ಹಾಸುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಇದನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಮಣ್ಣಿನ ಜೀವಾಣುಗಳ ಬಗ್ಗೆ ನಿಜವಾದ ಕಾಳಜಿ ಇದ್ದರೆ ನೆರವು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ತೆಂಚಾ ನೆರವಿನ ಅರ್ಜಿಯಲ್ಲಿ ಒಂದು ಕಾಲಂ ಸೇರಿಸಿದರೆ ಸಾಕು: ಹೆಕ್ಟೇರಿಗೆ ಎಷ್ಟು ಸಾರಜನಕ. ಮಿತಿ ಮೀರಿದವರಿಗೆ ಹಣವಿಲ್ಲ. ಮಾಚಾ ತರಿಸಿಕೊಳ್ಳುವ ಬೆಂಗಳೂರಿನ ಕೆಫೆಗಳೂ ಸರಬರಾಜುದಾರರನ್ನು ಇದೇ ಪ್ರಶ್ನೆ ಕೇಳಲಿ. ಉತ್ತರ ಬರದ ಡಬ್ಬಿಯ ಮೇಲೆ ‘ಮಣ್ಣಿನಿಂದ ಕರುಳಿಗೆ’ ಎಂದು ಬರೆದಿದ್ದರೆ ಅದನ್ನು ವಾಪಸು ಕಳಿಸಲಿ.