‘ನೀ ಓದಿ ಕಳಿಸಿರ್ತಿ ಅಂತ ತಿಳಕೊಂಡಿದ್ದೆ’

ಕಳೆದ ವರ್ಷ ಒಂದು ಸಂಜೆ, ಧಾರವಾಡದಿಂದ ಅಮ್ಮಿನಬಾವಿಗೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಒಂದು ಫೋಟೊ ಫಾರ್ವರ್ಡ್ ಮಾಡಿದೆ. ಇಲಾಖೆಯೊಂದರ ನೇಮಕಾತಿಗೆ ಅರ್ಜಿ ಹಾಕುವ ಕೊನೆಯ ದಿನಾಂಕ ಹದಿನೈದು ದಿನ ಮುಂದೆ ಹೋಗಿದೆ ಎಂಬ ಪ್ರಕಟಣೆ ಅದು. ಸಹಿ ಇತ್ತು, ಸೀಲು ಇತ್ತು. ಬೇರೊಂದು ಗುಂಪಿನಿಂದ ನನಗೆ ಬಂದಿತ್ತು. ನಮ್ಮೂರಿನ ಓದುವ ಹುಡುಗ ಹುಡುಗಿಯರ ವಾಟ್ಸ್‌ಆ್ಯಪ್ ಗುಂಪಿಗೆ ಅದನ್ನು ದಾಟಿಸಿ, ನಾಲ್ಕು ಜನರಿಗೆ ಉಪಕಾರ ಮಾಡಿದೆ ಎಂಬ ಸಮಾಧಾನದಲ್ಲಿ ಫೋನನ್ನು ಜೇಬಿಗೆ ಹಾಕಿಕೊಂಡೆ. ಆ ಪ್ರಕಟಣೆ ಹಿಂದಿನ ವರ್ಷದ್ದಾಗಿತ್ತು. ದಿನಾಂಕ ಇದ್ದ ಮೇಲ್ಭಾಗವನ್ನು ಯಾರೋ ಕತ್ತರಿಸಿದ್ದರು.

ನಮ್ಮ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಮನೆಗೆಲಸ ಮುಗಿದು, ಮಗು ಮಲಗಿದ ಮೇಲೆ ಓದಲು ಕೂಡುವವರು. ಆ ಹುದ್ದೆಗೆ ಅವರ ವಯೋಮಿತಿಯ ಕೊನೆಯ ವರ್ಷ ಅದು. ಮರುದಿನ ಧಾರವಾಡಕ್ಕೆ ಹೋಗಿ ಅರ್ಜಿ ತುಂಬಬೇಕೆಂದಿದ್ದವರು ನನ್ನ ಫೋಟೊ ನೋಡಿ ‘ಇನ್ನೂ ಟೈಮ್ ಐತಿ’ ಎಂದು ಬಿಟ್ಟರು. ಮರುದಿನ ರಾತ್ರಿ ಲಿಂಕ್ ಮುಚ್ಚಿತು. ವಿಷಯ ತಿಳಿದು ಅವರ ಮನೆಗೆ ಹೋದೆ. ಅವರು ಬೈಯಲಿಲ್ಲ. ಚಹಾ ಕೊಟ್ಟರು. ‘ನೀ ಓದಿ ಕಳಿಸಿರ್ತಿ ಅಂತ ತಿಳಕೊಂಡಿದ್ದೆ ತಮ್ಮಾ’ ಎಂದಷ್ಟೇ ಹೇಳಿದರು. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಆಮೇಲೆ ಗುಂಪಿನ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತ ಹೋದೆ. ನನಗೆ ಇನ್ನಷ್ಟು ಬೇಸರವಾಯಿತು. ಏಕೆಂದರೆ ನಾನು ಕಳಿಸಿದ ಅರ್ಧ ಗಂಟೆಯಲ್ಲೇ ಒಬ್ಬ ಹುಡುಗ, ‘ಇದು ಹಳೇದು, ಇಲಾಖೆ ವೆಬ್‌ಸೈಟ್‌ನಾಗ ಏನೂ ಇಲ್ಲ’ ಎಂದು ಬರೆದಿದ್ದ. ಅವನ ಮಾತಿನ ಮೇಲೆ ಒಂದು ಹುಟ್ಟುಹಬ್ಬದ ಶುಭಾಶಯ, ಅದಕ್ಕೆ ಮೂವತ್ತು ಕೇಕಿನ ಚಿತ್ರ, ಕೀ ಆನ್ಸರ್ ಬಗ್ಗೆ ಇಬ್ಬರ ಜಗಳ, ಬೆಳಗಿನ ಶುಭೋದಯದ ಗುಲಾಬಿಗಳು ಬಿದ್ದಿದ್ದವು. ಸರಿಯಾದ ಮಾಹಿತಿ ಗುಂಪಿನಲ್ಲೇ ಇತ್ತು. ಬೇಕಾದವರ ಕಣ್ಣಿಗೆ ಮಾತ್ರ ಬೀಳಲಿಲ್ಲ. ತಪ್ಪು ನನ್ನದು, ನಿಜ. ಆದರೆ ನಾವು ಮಾತಾಡುವ ರೀತಿ ಮತ್ತು ಮಾತಾಡಲು ಆರಿಸಿಕೊಂಡ ಜಾಗ, ಇವೆರಡೂ ಆ ತಪ್ಪಿಗೆ ನೆರವಾಗಿದ್ದವು.

ಆನ್‌ಲೈನ್ ಶಿಷ್ಟಾಚಾರ ಎಂದರೆ ನಾವು ಸಾಮಾನ್ಯವಾಗಿ ಕೆಟ್ಟ ಮಾತು ಬಳಸದಿರುವುದು ಎಂದುಕೊಳ್ಳುತ್ತೇವೆ. ನಮ್ಮ ಗುಂಪಿನಲ್ಲಿ ಅವತ್ತು ಯಾರೂ ಕೆಟ್ಟ ಮಾತು ಆಡಿರಲಿಲ್ಲ. ಎಲ್ಲರೂ ‘ಸರ’, ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ಆದರೂ ಒಬ್ಬರ ಒಂದು ವರ್ಷ ಹೋಯಿತು. ನನ್ನ ಪ್ರಕಾರ ಶಿಷ್ಟಾಚಾರದ ಮೊದಲ ಪಾಠ ಎದುರಿನವರ ಸಮಯ ಮತ್ತು ನಂಬಿಕೆಯನ್ನು ಹಾಳು ಮಾಡದಿರುವುದು. ನೌಕರಿ ಹುಡುಕುವವರ ಹತ್ತಿರ ಇರುವ ಬಂಡವಾಳವೇ ಅವೆರಡು.

ಪರಿಣಾಮ ಇದಕ್ಕಿಂತ ಭೀಕರವಾಗಿದ್ದೂ ಉಂಟು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಲು ಮುಂದಾಯಿತು. ಕಂಪನಿ ಬೆರಳಿಗೆ ಮಿತಿ ಹಾಕಬಹುದು. ಓದಿ ಕಳಿಸುವ ಅಭ್ಯಾಸವನ್ನು ನಾವೇ ಬೆಳೆಸಿಕೊಳ್ಳಬೇಕು.

ಈ ಸಮಸ್ಯೆ ನಮ್ಮಿಂದಲೇ ಶುರುವಾಗಿದ್ದಲ್ಲ. ಇದನ್ನು ತಿಳಿಯಲು ಓದತೊಡಗಿದಾಗ ಸಿಕ್ಕಿದ್ದು ಯೂಸ್‌ನೆಟ್ ಕಥೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ಅದನ್ನು ಯೋಚಿಸಿದರು. ಮರುವರ್ಷ ಅದು ಬಳಕೆಗೆ ಬಂತು. ಒಂದೊಂದು ವಿಷಯಕ್ಕೆ ಒಂದೊಂದು ನ್ಯೂಸ್‌ಗ್ರೂಪ್. ಕರ್ನಾಟಕದ ಬಗ್ಗೆ ಮಾತಾಡಲೆಂದೇ ಒಂದಿತ್ತು. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತನ್ನ ಹೊಸ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಮೊದಲು ಹೇಳಿಕೊಂಡಿದ್ದು ಇಂಥ ಒಂದು ಗುಂಪಿನಲ್ಲೇ. ತಾನು ಏನು ಮಾಡುತ್ತಿದ್ದೇನೆ, ಎಲ್ಲಿಯವರೆಗೆ ಬಂದಿದೆ ಎಂದು ನಾಲ್ಕು ಸಾಲಿನಲ್ಲಿ ಹೇಳಿ, ಮಿನಿಕ್ಸ್‌ನಲ್ಲಿ ನಿಮಗೆ ಹಿಡಿಸಿದ್ದೇನು, ಹಿಡಿಸದ್ದೇನು ಎಂದು ಕೇಳಿದ್ದ. ಆಗ ಅವನೂ ನಮ್ಮಂತೆ ವಿದ್ಯಾರ್ಥಿ. ಇಂದು ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೆ ಓಡುತ್ತಿರುವುದು ಆ ಲಿನಕ್ಸ್.

ಆಗ ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಬಂದಾಗ ಯೂಸ್‌ನೆಟ್‌ನಲ್ಲಿ ಗದ್ದಲ ಏಳುತ್ತಿತ್ತು. ಹಳಬರು ತಿದ್ದುತ್ತಿದ್ದರು, ಕೆಲವು ವಾರಗಳಲ್ಲಿ ಎಲ್ಲ ತಣ್ಣಗಾಗುತ್ತಿತ್ತು. 1990ರ ದಶಕದಲ್ಲಿ ಕಂಪನಿಗಳು ತಮ್ಮ ಲಕ್ಷಾಂತರ ಗ್ರಾಹಕರಿಗೆ ಆ ಬಾಗಿಲು ತೆರೆದ ಮೇಲೆ ಗದ್ದಲ ನಿಲ್ಲಲೇ ಇಲ್ಲ. 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಎಂದು ಹಳಬರು ತಮಾಷೆ ಮಾಡುತ್ತಾರೆ. ನಮ್ಮ ಗುಂಪುಗಳಲ್ಲಿ ಪ್ರತಿ ಅಧಿಸೂಚನೆಯೂ ಒಂದು ಸೆಪ್ಟೆಂಬರ್. ‘ಸರ, ಲಾಸ್ಟ್ ಡೇಟ್ ಯಾವಾಗ’ ಎಂಬ ಒಂದೇ ಪ್ರಶ್ನೆ ಇಪ್ಪತ್ತು ಸಲ ಬರುತ್ತದೆ.

ಅವರು ಕಂಡುಕೊಂಡ ಪರಿಹಾರಗಳು ನಮಗೂ ಹೊಂದುತ್ತವೆ. 1995ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 1855 ಎಂಬ ಶಿಷ್ಟಾಚಾರದ ಕೈಪಿಡಿ ಪ್ರಕಟವಾಯಿತು. ಗುಂಪಿಗೆ ಸೇರಿದ ತಕ್ಷಣ ಬರೆಯಬೇಡಿ, ಒಂದೆರಡು ತಿಂಗಳು ಸುಮ್ಮನೆ ಓದಿ ಎನ್ನುತ್ತದೆ ಅದು. ಸಿಟ್ಟಿನ ಉತ್ತರವನ್ನು ರಾತ್ರಿ ಕಳೆದ ಮೇಲೆ ಕಳಿಸಿ, ಯಾವ ಮಾತಿಗೆ ಉತ್ತರ ಕೊಡುತ್ತಿದ್ದೀರೋ ಅದರ ಅಗತ್ಯ ಭಾಗವನ್ನು ಮೇಲೆ ಇಡಿ ಎನ್ನುತ್ತದೆ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದು ಒಂದೇ ಕಡೆ ಇಡುವ ರೂಢಿ ಬೆಳೆದದ್ದೂ ಯೂಸ್‌ನೆಟ್‌ನಲ್ಲೇ.

ಕನ್ನಡದಲ್ಲೂ ಇದಕ್ಕೆ ಮಾದರಿ ಇದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಮಾತಾಡಿಕೊಳ್ಳುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರು. ಅಲ್ಲಿ ಬರೆದವರು ಕೊನೆಗೆ ಸಹಿ ಹಾಕಬೇಕು. ಯಾರು, ಯಾವಾಗ ಹೇಳಿದರು ಎಂಬುದು ದಾಖಲಾಗುತ್ತದೆ. ಲೇಖನದಲ್ಲಿ ಬರೆದದ್ದಕ್ಕೆ ಆಧಾರ ಕೊಡಬೇಕು. ಎದುರಿನವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದಾರೆ ಎಂದು ಮೊದಲು ನಂಬಬೇಕು. ಊರ ಕಟ್ಟೆಯ ಮೇಲೂ ಹಾಗೆಯೇ ಅಲ್ಲವೇ? ಸುದ್ದಿ ತಂದವನನ್ನು ‘ಯಾರು ಹೇಳಿದರು’ ಎಂದು ಹಿರಿಯರು ಕೇಳದೆ ಬಿಡುವುದಿಲ್ಲ. ಫೋನಿನ ಕಟ್ಟೆಯ ಮೇಲೆ ಮಾತ್ರ ಆ ಪ್ರಶ್ನೆ ಕೇಳಲು ನಮಗೆ ಸಂಕೋಚ.

ಇನ್ನು ಜಾಗದ ಮಾತು. ಯೂಸ್‌ನೆಟ್ ಓದುವುದು ಹೇಗಿರುತ್ತದೆಂದು ನೋಡಲು ಥಂಡರ್‌ಬರ್ಡ್ ಹಾಕಿಕೊಂಡೆ. ಇಮೇಲ್ ಜೊತೆಗೆ ನ್ಯೂಸ್‌ಗ್ರೂಪ್ ಕೂಡ ಓದಬಹುದಾದ ಉಚಿತ, ಮುಕ್ತ ತಂತ್ರಾಂಶ ಅದು. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಪ್ಯಾನ್ ಎಂಬ ಇನ್ನೊಂದು ಉಚಿತ ತಂತ್ರಾಂಶವೂ ಇದೆ. ಒಂದು ಪ್ರಶ್ನೆ, ಅದರ ಕೆಳಗೆ ಅದರದೇ ಉತ್ತರಗಳು, ಗಿಡದ ಟೊಂಗೆಗಳ ಹಾಗೆ ಜೋಡಣೆಯಾಗಿರುತ್ತವೆ. ಬೇಡದ ವಿಷಯ ಅಥವಾ ಬೇಡದ ವ್ಯಕ್ತಿಯ ಬರಹ ಕಾಣದಂತೆ ಸೋಸಬಹುದು. ಹುಟ್ಟುಹಬ್ಬದ ಕೇಕು ಅಲ್ಲಿ ಬೇರೆ ಟೊಂಗೆಗೆ ಹೋಗುತ್ತದೆ, ‘ಇದು ಹಳೇದು’ ಎಂಬ ಮಾತು ನನ್ನ ಫೋಟೊದ ಕೆಳಗೇ ಉಳಿಯುತ್ತದೆ. ಅದನ್ನು ನೋಡಿದಾಗ ಅಕ್ಕನ ಅರ್ಜಿ ನೆನಪಾಯಿತು.

ಎಲ್ಲರೂ ನ್ಯೂಸ್‌ಗ್ರೂಪ್‌ಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಈಗ ಜನ ಕಡಿಮೆ. ಗೂಗಲ್ ಗ್ರೂಪ್ಸ್ ಕೂಡ 2024ರ ಫೆಬ್ರುವರಿಯಿಂದ ಯೂಸ್‌ನೆಟ್‌ನ ಹೊಸ ಬರಹಗಳನ್ನು ನಿಲ್ಲಿಸಿ, ಹಳೆಯದನ್ನಷ್ಟೇ ಉಳಿಸಿಕೊಂಡಿದೆ. ಆದರೆ ಓದಿನ ಗುಂಪಿಗೆ ಯಾವುದೇ ಉಚಿತ ಆ್ಯಪ್ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ವಿಷಯಕ್ಕೆ ತಕ್ಕಂತೆ ಮಾತು ಬೇರೆ ಬೇರೆ ಇಡಬಹುದೇ? ಹೊಸದಾಗಿ ಸೇರಿದವರಿಗೆ ಹಳೆಯ ಉತ್ತರ ಹುಡುಕಿದರೆ ಸಿಗುತ್ತದೆಯೇ? ಫೋನ್ ನಂಬರ್ ಎಲ್ಲರಿಗೂ ಕಾಣದಂತೆ ಇಡಬಹುದೇ?

ಮೂರನೆಯ ಪ್ರಶ್ನೆ ಹುಡುಗರಿಗೆ ಸಣ್ಣದು ಅನ್ನಿಸಬಹುದು. ಗುಂಪಿನಲ್ಲಿ ಒಂದು ಡೌಟ್ ಕೇಳಿದ ಮರುದಿನವೇ ಅಪರಿಚಿತರ ‘ಹಾಯ್’ ಬರತೊಡಗಿದ್ದಕ್ಕೆ ಗುಂಪನ್ನೇ ಬಿಟ್ಟುಹೋದ ಹುಡುಗಿಯರು ನಮ್ಮಲ್ಲಿದ್ದಾರೆ. ಟೆಲಿಗ್ರಾಂನಲ್ಲಿ ನಂಬರ್ ಮರೆಮಾಡಬಹುದು, ವಿಷಯವಾರು ವಿಭಾಗ ಮಾಡಬಹುದು, ಅಡ್ಮಿನ್ ಅವಕಾಶ ಕೊಟ್ಟರೆ ಹೊಸಬರಿಗೂ ಹಳೆಯ ಮಾತು ಕಾಣುತ್ತದೆ. ಆದರೆ ಅಲ್ಲಿನ ಗುಂಪಿನ ಮಾತುಕತೆಗೆ ವಾಟ್ಸ್‌ಆ್ಯಪ್ ಅಥವಾ ಸಿಗ್ನಲ್‌ನಲ್ಲಿ ಇರುವಂಥ ಪೂರ್ಣ ಗೂಢಲಿಪಿಯ ರಕ್ಷಣೆ ಇಲ್ಲ. ‘ಪ್ರಶ್ನೆಪತ್ರಿಕೆ ಸಿಗುತ್ತದೆ, ಹಣ ಹಾಕಿ’ ಎನ್ನುವ ವಂಚಕರೂ ಅಲ್ಲಿ ಓಡಾಡುತ್ತಾರೆ. ಸಿಗ್ನಲ್ ಉಚಿತ, ಮುಕ್ತ, ನಂಬರ್ ಕೂಡ ಮರೆಮಾಡುತ್ತದೆ. ಆದರೆ ಹೊಸಬರಿಗೆ ಹಿಂದಿನದು ಸಿಗುವುದು ಕಷ್ಟ. ಎಲ್ಲ ಸರಿ ಇರುವ ಆ್ಯಪ್ ಇಲ್ಲ. ಪಕ್ಕದವರು ಬಳಸುತ್ತಾರೆ ಎಂಬುದಷ್ಟೇ ನಮ್ಮ ಕಾರಣವಾಗದಿದ್ದರೆ ಸಾಕು. ನಾವು ಈಗ ಓದಿನ ವಿಷಯಕ್ಕೆ ಟೆಲಿಗ್ರಾಂ, ಹರಟೆಗೆ ಹಳೆಯ ವಾಟ್ಸ್‌ಆ್ಯಪ್ ಗುಂಪು ಇಟ್ಟುಕೊಂಡಿದ್ದೇವೆ.

‘ಇಷ್ಟೆಲ್ಲ ರೂಲ್ಸ್ ಹಾಕಿದರ ಯಾರೂ ಮಾತಾಡಂಗಿಲ್ಲ’ ಎಂದು ಗೆಳೆಯನೊಬ್ಬ ಆಕ್ಷೇಪಿಸಿದ. ಅವನ ಮಾತಿನಲ್ಲಿ ಅರ್ಥವಿದೆ. ಹಳ್ಳಿಯಿಂದ ಬಂದವರು ಮೊದಲೇ ಅಂಜುತ್ತಾರೆ. ಕೇಳಿದ ಪ್ರಶ್ನೆಗೆ ‘ಇಷ್ಟೂ ಗೊತ್ತಿಲ್ವಾ’ ಎಂದೋ, ಇಂಗ್ಲಿಷ್ ತಪ್ಪಿಗೆ ನಗುವ ಇಮೋಜಿ ಹಾಕಿಯೋ ಉತ್ತರ ಬಂದರೆ ಮತ್ತೆಂದೂ ಬಾಯಿ ಬಿಡುವುದಿಲ್ಲ. ಹಾಗಾಗಿ ನಿಯಮ ಕೇಳುವವರಿಗಿಂತ ಮೊದಲು ಉತ್ತರಿಸುವವರಿಗೆ ಇರಲಿ. ಹಳೆಯ ಪ್ರಶ್ನೆಯಾದರೆ ಹಳೆಯ ಉತ್ತರದ ಲಿಂಕ್ ಕೊಟ್ಟು ಸುಮ್ಮನಾಗಬಹುದು. ತಪ್ಪು ಹೇಳಿದವರಿಗೆ ಮೊದಲು ಪ್ರತ್ಯೇಕವಾಗಿ ತಿಳಿಸಬಹುದು. ತಪ್ಪು ಮಾಡಿದವರು ಸಂದೇಶ ಅಳಿಸಿ ಮಾಯವಾಗುವ ಬದಲು ‘ನಾನು ಕಳಿಸಿದ್ದು ತಪ್ಪು, ಸರಿಯಾದದ್ದು ಇದು’ ಎಂದು ಅಲ್ಲೇ ಬರೆಯಬೇಕು. ನಾನು ಅವತ್ತು ಮಾಡದೇ ಹೋದ ಕೆಲಸ ಅದು. ಹೆದರಿ ಫೋಟೊ ಅಳಿಸಿಬಿಟ್ಟಿದ್ದೆ. ಅದರಿಂದ ನನ್ನ ಮರ್ಯಾದೆ ಉಳಿಯಿತೇ ಹೊರತು, ಅದನ್ನು ಆಗಲೇ ಮುಂದೆ ಕಳಿಸಿದ್ದವರಿಗೆ ನಿಜ ತಿಳಿಯಲಿಲ್ಲ.

ನಮ್ಮ ಗುಂಪಿನಲ್ಲಿ ಈಗ ಒಂದೇ ಒಂದು ಕಡ್ಡಾಯ ನಿಯಮವಿದೆ. ನೇಮಕಾತಿಯ ಯಾವ ಸುದ್ದಿ ಹಾಕಿದರೂ ಕೆಪಿಎಸ್‌ಸಿ, ಕೆಇಎ ಅಥವಾ ಆಯಾ ಇಲಾಖೆಯ ಜಾಲತಾಣದ ಕೊಂಡಿ ಜೊತೆಗಿರಬೇಕು. ಫೋಟೊ ಮಾತ್ರ ಹಾಕಿದರೆ ಅಡ್ಮಿನ್ ತೆಗೆಯುತ್ತಾರೆ. ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಬಂದು ನಮ್ಮ ಅಮ್ಮಿನಬಾವಿಯ ಘಟಕದಲ್ಲಿ ಶುದ್ಧವಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತದೆ. ಕುಡಿಯುವ ನೀರನ್ನು ಸೋಸಿ ಕಳಿಸುವ ಊರಿನವರು ಸುದ್ದಿಯನ್ನು ಸೋಸದೆ ಕಳಿಸಿದರೆ ಹೇಗೆ ಎಂದು ನಾನೇ ಒಮ್ಮೆ ಗುಂಪಿನಲ್ಲಿ ಬರೆದೆ. ನಕ್ಕರು, ಆದರೆ ಒಪ್ಪಿದರು.

ಆ ಅಡ್ಮಿನ್ ಬೇರೆ ಯಾರೂ ಅಲ್ಲ, ಅದೇ ಅಕ್ಕ. ವಯೋಮಿತಿ ಹೆಚ್ಚಿರುವ ಇನ್ನೊಂದು ಹುದ್ದೆಗೆ ಅವರು ಓದುತ್ತಿದ್ದಾರೆ. ಮೊನ್ನೆ ನಾನು ಕೊಂಡಿಯನ್ನೂ ಸೇರಿಸಿ ಒಂದು ಅಧಿಸೂಚನೆ ಹಾಕಿದೆ. ಎರಡೇ ನಿಮಿಷದಲ್ಲಿ ಅವರ ಉತ್ತರ ಬಂತು: ‘ಪೂರ್ತಿ ಓದಿದಿಯೇನು ತಮ್ಮಾ?’ ಓದಿದ್ದೆ. ಆದರೂ ಇನ್ನೊಮ್ಮೆ ತೆರೆದು ನೋಡಿದೆ.