ತಂತಿಯಿಲ್ಲದ ದೂರವಾಣಿಯ ಸದುಪಯೋಗ

ಮೊಬೈಲು ಎಲ್ಲರ ಕೈಯಲ್ಲಿಯೂ ಇರುವ ಈ ಕಾಲದಲ್ಲಿ ಮನೆಯ ದೂರವಾಣಿಯ ವಿಚಾರವೇತಕ್ಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮಗನು ಕಚೇರಿಗೂ ಸೊಸೆಯು ತನ್ನ ಉದ್ಯೋಗಕ್ಕೂ ಹೊರಟಾಗ ಅವರವರ ಮೊಬೈಲುಗಳೂ ಅವರೊಡನೆ ಹೊರಟುಹೋಗುವುವು. ಹಗಲೆಲ್ಲಾ ಮನೆಯಲ್ಲಿ ಉಳಿಯತಕ್ಕವರು ಕಣ್ಣು ಮಂದವಾದ ಅಜ್ಜಿಯೂ ಮಂಡಿನೋವಿನ ತಾತನೂ. ಗಾಜಿನ ಮೇಲೆ ಬೆರಳಾಡಿಸುವುದು ಅವರಿಗೆ ಒಗ್ಗದು. ಒತ್ತಿದರೆ ಕೈಗೆ ತಿಳಿಯುವ ಗುಂಡಿಗಳೇ ಹಿತ. ಇಂಥವರಿಗಾಗಿಯೇ ಅನೇಕ ಗೃಹಸ್ಥರು ಕಾರ್ಡ್‌ಲೆಸ್ ದೂರವಾಣಿಯನ್ನು ಕೊಂಡುತರುವರು. ಆದರೆ ತಂದವರು ಕರೆಯುವುದು, ಉತ್ತರಿಸುವುದು ಇವೆರಡನ್ನು ಮಾತ್ರ ಬಳಸಿ, ಉಳಿದ ಅನುಕೂಲಗಳನ್ನು ಕೈಪಿಡಿಯಲ್ಲಿಯೇ ಬಿಟ್ಟುಬಿಡುವರು.

ಮೊದಲು ಇದರ ರಚನೆಯನ್ನು ತಿಳಿಯೋಣ. ಇದರಲ್ಲಿ ಅಂಗಗಳೆರಡು: ಗೋಡೆಯ ಲೈನಿಗೆ ಸೇರಿದ ಬೇಸು, ಹಾಗೂ ಕೈಯಲ್ಲಿ ಹಿಡಿದು ತಿರುಗಾಡುವ ಹ್ಯಾಂಡ್‌ಸೆಟ್ಟು. ನಮ್ಮ ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದು ಹೇಳಿದ್ದುಂಟು. ಆದರೆ ಈ ಎರಡು ಅಂಗಗಳ ನಡುವೆ ಸಂಚರಿಸುವುದು ಶಬ್ದವಲ್ಲ, ರೇಡಿಯೋ ತರಂಗವು. ಡೆಕ್ಟ್ ಎಂಬ ಪದ್ಧತಿಯ ಉಪಕರಣಗಳಲ್ಲಿ ಈ ತರಂಗವು ಬಯಲಿನಲ್ಲಿ ಸುಮಾರು 300 ಮೀಟರಿನವರೆಗೂ, ಮನೆಯೊಳಗೆ ಸುಮಾರು 50 ಮೀಟರಿನವರೆಗೂ ಮುಟ್ಟುವುದೆಂದು ತಯಾರಕರು ಸಾಮಾನ್ಯವಾಗಿ ಹೇಳುವರು. ದಪ್ಪ ಗೋಡೆಯೂ ಕಬ್ಬಿಣದ ಬೀರುವೂ ಅಡ್ಡವಾದರೆ ಈ ದೂರವು ಕುಗ್ಗುವುದು. ಆದುದರಿಂದ ಬೇಸನ್ನು ಮೂಲೆಗೆ ತಳ್ಳದೆ, ಮನೆಯ ನಡುಭಾಗದಲ್ಲಿ ಸ್ವಲ್ಪ ಎತ್ತರಕ್ಕೆ ಇರಿಸತಕ್ಕದ್ದು.

ಇನ್ನು ಇದರ ಅನುಕೂಲಗಳು. ಹ್ಯಾಂಡ್‌ಸೆಟ್ಟು ದಿಂಬಿನಡಿಯಲ್ಲಿಯೋ ದೇವರ ಮನೆಯಲ್ಲಿಯೋ ಮರೆತುಹೋದರೆ, ಬೇಸಿನ ಮೇಲಿರುವ ಗುಂಡಿಯನ್ನು ಒತ್ತಿದೊಡನೆ ಅದು ಇದ್ದಲ್ಲಿಂದಲೇ ಕೂಗುವುದು. ಎರಡನೆಯದು ಇಂಟರ್‌ಕಾಂ. ಒಂದೇ ಬೇಸಿಗೆ ಎರಡು ಮೂರು ಹ್ಯಾಂಡ್‌ಸೆಟ್ಟುಗಳನ್ನು ಸೇರಿಸಿಕೊಳ್ಳಬಹುದಾದ ಉಪಕರಣಗಳುಂಟು. ಒಂದನ್ನು ಹಾಸಿಗೆ ಹಿಡಿದವರ ಮಗ್ಗುಲಲ್ಲಿಯೂ ಮತ್ತೊಂದನ್ನು ಅಡಿಗೆಮನೆಯಲ್ಲಿಯೂ ಇಟ್ಟರೆ, ರೋಗಿಯು ಕೂಗಿ ಬಳಲಬೇಕಾಗಿಲ್ಲ. ಮನೆಯೊಳಗಿನ ಈ ಮಾತಿಗೆ ಕಾಸಿನ ಖರ್ಚೂ ಇಲ್ಲ. ಮೂರನೆಯದು ಸ್ಪೀಕರು. ಕೈ ನಡುಗುವವರು ಹ್ಯಾಂಡ್‌ಸೆಟ್ಟನ್ನು ಮೇಜಿನ ಮೇಲಿಟ್ಟೇ ಮಾತನಾಡಬಹುದು. ಆದರೆ ಪಕ್ಕದಲ್ಲಿ ಕೇಳುವವರಿದ್ದಾರೆಂದು ಆ ಕಡೆಯವರಿಗೆ ಮೊದಲೇ ತಿಳಿಸುವುದು ಸಭ್ಯತೆಯು.

ಎಲ್ಲಕ್ಕಿಂತ ಉಪಯುಕ್ತವಾದದ್ದು ಸ್ಪೀಡ್ ಡಯಲು, ಎಂದರೆ ಒಂದು ಅಂಕಿಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಮೊದಲೇ ಬರೆದಿಟ್ಟ ಸಂಖ್ಯೆಗೆ ಕರೆ ಹೋಗುವ ಏರ್ಪಾಡು. ಮಗನದೊಂದು, ಮಗಳದೊಂದು, ನೆರೆಮನೆಯದೊಂದು, ವೈದ್ಯರದೊಂದು ಸಂಖ್ಯೆಯನ್ನು ಬರೆದಿಡಿರಿ. ತುರ್ತು ಸಹಾಯದ 112ನ್ನೂ, ಕರ್ನಾಟಕದಲ್ಲಿ ಆಂಬ್ಯುಲೆನ್ಸಿಗೆ ಇರುವ 108ನ್ನೂ ಸೇರಿಸಿರಿ. ಇಲ್ಲಿ ಒಂದು ಎಚ್ಚರಿಕೆಯುಂಟು. 2021ನೆಯ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆಯುವಾಗ ಹತ್ತು ಅಂಕಿಗಳ ಮುಂದೆ ಸೊನ್ನೆಯನ್ನು ಸೇರಿಸಬೇಕೆಂಬ ನಿಯಮವು ಬಂದಿರುವುದು. ಅದಕ್ಕೆ ಮುಂಚೆ ಬರೆದಿಟ್ಟ ಸಂಖ್ಯೆಗಳಲ್ಲಿ ಈ ಸೊನ್ನೆಯು ಇರಲಾರದು. ಕಷ್ಟಕಾಲದಲ್ಲಿ ಅಜ್ಜಿಯು ಗುಂಡಿಯನ್ನು ಒತ್ತಿದಾಗ ಮಗನ ಧ್ವನಿಗೆ ಬದಲಾಗಿ ಯಂತ್ರದ ಸೂಚನೆಯು ಕೇಳಿಬಂದರೆ ಏನು ಗತಿ? ಆದುದರಿಂದ ಎಲ್ಲ ಸಂಖ್ಯೆಗಳನ್ನೂ ಒಮ್ಮೆ ಪರೀಕ್ಷಿಸತಕ್ಕದ್ದು. ಗುಂಡಿಗಳಿಗೆ ಬೀಗ ಹಾಕುವ ಏರ್ಪಾಡು ಮಕ್ಕಳ ಕೈಚೇಷ್ಟೆಗೆ ಒಳ್ಳೆಯದಾದರೂ, ವೃದ್ಧರ ಬಳಿಯ ಹ್ಯಾಂಡ್‌ಸೆಟ್ಟಿಗೆ ಅದು ಬೇಡ.

ಈಗ ಮುಖ್ಯವಾದ ಮಾತಿಗೆ ಬರೋಣ. ತಂತಿಯುಳ್ಳ ಹಳೆಯ ದೂರವಾಣಿಗೆ ಮನೆಯ ವಿದ್ಯುತ್ತು ಬೇಕಾಗಿರಲಿಲ್ಲ. ಸುಮಾರು 48 ವೋಲ್ಟಿನ ಶಕ್ತಿಯು ಎಕ್ಸ್‌ಚೇಂಜಿನಿಂದಲೇ ತಾಮ್ರದ ತಂತಿಯ ಮೂಲಕ ಬರುತ್ತಿತ್ತು. ಮಳೆಗಾಳಿಯ ರಾತ್ರಿ ದೀಪಗಳೆಲ್ಲಾ ಆರಿದರೂ ಅದು ಮಾತನಾಡುತ್ತಿತ್ತು. ಕಾರ್ಡ್‌ಲೆಸ್ಸಿನ ಬೇಸಾದರೋ ಮನೆಯ ವಿದ್ಯುತ್ತನ್ನೇ ನಂಬಿರುವುದು. ಕರೆಂಟು ಹೋದರೆ ಹ್ಯಾಂಡ್‌ಸೆಟ್ಟಿನ ಬ್ಯಾಟರಿಯು ತುಂಬಿದ್ದರೂ ಪ್ರಯೋಜನವಿಲ್ಲ. ಬೇಸು ಮಲಗಿದರೆ ಕರೆಯೂ ಇಲ್ಲ, ಇಂಟರ್‌ಕಾಮೂ ಇಲ್ಲ. ವೃದ್ಧರು ಕತ್ತಲಲ್ಲಿ ಎಡವಿ ಬೀಳುವುದೂ ಇಂಥ ಹೊತ್ತಿನಲ್ಲಿಯೇ ಎಂಬುದನ್ನು ನಾವು ಹೇಳಬೇಕಾದುದಿಲ್ಲ.

ಇದಕ್ಕೆ ಪರಿಹಾರವು ಸುಲಭವಾದುದು. ತಾಮ್ರದ ಲೈನು ಇರುವವರು ಅದಕ್ಕೆ ತಂತಿಯುಳ್ಳ ಸಾಮಾನ್ಯ ದೂರವಾಣಿಯೊಂದನ್ನೂ ಸೇರಿಸಿ, ವೃದ್ಧರು ಮಲಗುವ ಕಡೆ ಇಡಲಿ. ಫೈಬರ್ ಸಂಪರ್ಕವನ್ನು ಪಡೆದವರಿಗೆ ಇದೊಂದೇ ಸಾಲದು. ಗಾಜಿನ ಎಳೆಯು ವಿದ್ಯುತ್ತನ್ನು ತರಲಾರದಾದ್ದರಿಂದ ಮನೆಯಲ್ಲಿರುವ ಫೈಬರ್ ಪೆಟ್ಟಿಗೆಯೂ ಕರೆಂಟಿಲ್ಲದೆ ನಡೆಯದು. ಅಂಥವರು ಆ ಪೆಟ್ಟಿಗೆಯನ್ನೂ ಬೇಸನ್ನೂ ಯು.ಪಿ.ಎಸ್. ಲೈನಿಗೆ ಸೇರಿಸತಕ್ಕದ್ದು. ಹ್ಯಾಂಡ್‌ಸೆಟ್ಟಿನ ಬ್ಯಾಟರಿಯು ಸೊರಗಿದಾಗ ಗಡಿಯಾರಕ್ಕೆ ಹಾಕುವ ಸಾಧಾರಣ ಸೆಲ್ಲನ್ನು ಎಂದಿಗೂ ಹಾಕಕೂಡದು. ಅದು ಚಾರ್ಜಿಗಿಟ್ಟಾಗ ಸೋರಬಹುದು, ಸಿಡಿಯಲೂಬಹುದು. ಕೈಪಿಡಿಯಲ್ಲಿ ಹೇಳಿದ ಪುನಃ ಚಾರ್ಜು ಮಾಡತಕ್ಕ ಸೆಲ್ಲುಗಳನ್ನೇ ತರತಕ್ಕದ್ದು.

ವಿದ್ಯೆಯು ಪುಸ್ತಕದಲ್ಲಿಯೇ ಉಳಿದರೆ ಸಮಯಕ್ಕೆ ಒದಗದೆಂಬುದು ಪಾಠಶಾಲೆಯಲ್ಲಿ ಬಹುಕಾಲ ಕಳೆದ ನಮಗೆ ಚೆನ್ನಾಗಿ ತಿಳಿದ ಸಂಗತಿಯು. ಆದುದರಿಂದ ಮುಂದಿನ ಭಾನುವಾರ ಸಂಜೆ ಒಂದು ಪರೀಕ್ಷೆಯನ್ನು ಮಾಡಿರಿ. ಮನೆಯವರೆಲ್ಲಾ ಕುಳಿತಿರುವಾಗ ಮೈನ್ ಸ್ವಿಚ್ಚನ್ನು ಆರಿಸಿ, ಕೈಯಲ್ಲಿ ಟಾರ್ಚನ್ನು ಹಿಡಿದು, ಮಗನಿಗೊಂದು ಕರೆ ಮಾಡೆಂದು ಅಜ್ಜಿಯನ್ನು ಕೇಳಿರಿ. ಮೊಬೈಲು ಹಿಡಿದ ಮಗನು ಅಂಗಳದಲ್ಲಿ ನಿಂತಿರಲಿ. ಅಜ್ಜಿಯು ಯಾರ ನೆರವೂ ಇಲ್ಲದೆ ಅವನೊಡನೆ ಮಾತನಾಡಿದರೆ ನಿಮ್ಮ ಮನೆಯ ದೂರವಾಣಿಯು ಉತ್ತೀರ್ಣವಾಯಿತು. ಇಲ್ಲವಾದರೆ ಎಲ್ಲಿ ತಡೆಯಿತೆಂಬುದನ್ನು ಗುರುತಿಸಿ, ಸೋಮವಾರಕ್ಕೆ ಮುಂದೂಡದೆ, ಆಗಲೇ ಸರಿಪಡಿಸಿರಿ.